ವಾಟರ್‌ಮನ್ 52: ನಿಬ್ಬು ಬೇರೆ, ಕ್ಯಾಪಿನ ಬಣ್ಣವೂ ಬೇರೆ. ಅಸಲಿ ಅನ್ನಬಹುದೇ?

ಮಸಿಕುಡಿಕೆ:
ಎಲ್ಲರಿಗೂ ನಮಸ್ಕಾರ. ಹಳೇ ಲಿವರ್ ಪೆನ್ನೊಂದು (ಪಕ್ಕದ ಸಣ್ಣ ಪಟ್ಟಿ ಎತ್ತಿ ಇಂಕು ತುಂಬುವಂಥದ್ದು) ಕೈಗೆ ಬಂದಿದೆ. ಬ್ಯಾರೆಲ್ಲಿನ ತಳದಲ್ಲಿ 52 ಅಂತ ಒತ್ತಿದ್ದಾರೆ, ಪಕ್ಕದಲ್ಲಿ ವಾಟರ್‌ಮನ್ ಕಂಪನಿಯ ಹೆಸರು ಸ್ಪಷ್ಟವಾಗಿದೆ. ನಿಬ್ಬಿನ ಮೇಲೆ ಮಾತ್ರ ಕಂಪನಿ ಹೆಸರಿಲ್ಲ, ಬರೀ 'ವಾರಂಟೆಡ್ 14 ಕೆ'. ಬ್ಯಾರೆಲ್ಲು ಮಾಸಲು ಕಂದು, ಕ್ಯಾಪು ಕಡುಕಪ್ಪು. ಒಳಗೆ ಇಂಕು ತುಂಬುವ ರಬ್ಬರ್ ಚೀಲ ಹೊಸದು. ಇದು ನಕಲಿಯೋ, ಎರಡು ಮೂರು ಪೆನ್ನು ಸೇರಿಸಿ ಮಾಡಿದ್ದೋ? ಪೆನ್ನು ಸಂಗ್ರಹಿಸುವ ಗೆಳೆಯರಿಗೆ ಕೊಡಬೇಕೆಂದಿದ್ದೇನೆ. ಇಲ್ಲದ್ದನ್ನು ಇದೆ ಎಂದು ಹೇಳಿ ಕೊಡಲು ಮನಸ್ಸಿಲ್ಲ.

ಹಳೇನಿಬ್ಬು:
ಚೀಲದ ಚಿಂತೆ ಮೊದಲು ಬಿಡಿ. ರಬ್ಬರ್ ಚೀಲ ವರ್ಷ ಕಳೆದಂತೆ ಗಟ್ಟಿಯಾಗಿ ಪುಡಿಯಾಗುತ್ತದೆ. ಅಷ್ಟು ಹಳೆಯ ಪೆನ್ನು ಇವತ್ತೂ ಇಂಕು ಎಳೆಯುತ್ತಿದೆ ಅಂದರೆ ಯಾರೋ ಚೀಲ ಬದಲಿಸಿದ್ದಾರೆ ಅಂತಲೇ ಲೆಕ್ಕ. ಅದು ದುರಸ್ತಿ, ಕಲಬೆರಕೆ ಅಲ್ಲ. ನಾನು ನೋಡುವುದು ಯಾವುದರಿಂದ ಅಂಟಿಸಿದ್ದಾರೆ ಅನ್ನುವುದನ್ನು. ಶೆಲ್ಲಾಕ್ (ಅರಗಿನ ಅಂಟು) ಆಗಿದ್ದರೆ ಕೆಲಸ ಬಲ್ಲವರ ಕೈ. ಸೂಪರ್ ಗ್ಲೂ ಕಂಡರೆ ಮಿಕ್ಕ ಭಾಗಗಳನ್ನೂ ಇನ್ನಷ್ಟು ಹುಷಾರಾಗಿ ನೋಡಿ.

ಇನ್ನು ನಿಬ್ಬು. 52ರಲ್ಲಿ 5 ಅಂದರೆ ಲಿವರ್, 2 ಅಂದರೆ ನಿಬ್ಬಿನ ಅಳತೆ. ತನಗೆ ಎಂಥ ನಿಬ್ಬು ಬೇಕೆಂದು ಆ ಪೆನ್ನೇ ಹೇಳುತ್ತಿದೆ. ಮೂಲದ ನಿಬ್ಬಾಗಿದ್ದರೆ ವಾಟರ್‌ಮನ್ ಹೆಸರಿನ ಜೊತೆ 2 ಎಂಬ ಅಂಕಿಯೂ ಇರಬೇಕಿತ್ತು. ತಳದಲ್ಲಿ 54 ಅಂತಿರುವ ಪೆನ್ನಿನಲ್ಲಿ 2ರ ನಿಬ್ಬು ಕಂಡರೆ, ನಿಬ್ಬು ಅದೇ ಕಂಪನಿಯದ್ದಾದರೂ ಆ ಪೆನ್ನಿನದ್ದಲ್ಲ. ನಿಮ್ಮ 'ವಾರಂಟೆಡ್' ನಿಬ್ಬು ಹಿಂದೆ ರಿಪೇರಿಯವರು ಹಾಕುತ್ತಿದ್ದ ಸಾಮಾನ್ಯ ಬದಲಿ ನಿಬ್ಬು. ಪೆನ್ನು ನಕಲಿ ಅನ್ನಲು ಅದೊಂದೇ ಸಾಕಾಗದು.

ಪೆನ್ನು ಬೋರಲು ಮಾಡಿ ಫೀಡು, ಅಂದರೆ ನಿಬ್ಬಿನ ಅಡಿಯಲ್ಲಿ ಇಂಕು ತಂದುಕೊಡುವ ತುಂಡು, ನೋಡಿ. ಹಳೇ ವಾಟರ್‌ಮನ್ ಫೀಡಿನ ಎರಡೂ ಪಕ್ಕದಲ್ಲಿ ಸಣ್ಣ ಗುಳಿ ಕೊರೆದಿರುತ್ತಾರೆ, ಅದನ್ನೇ ಸ್ಪೂನ್ ಫೀಡ್ ಅನ್ನುವುದು. ಕೆಳಗೆ ಬಿದ್ದು ನಿಬ್ಬು ಸೊಟ್ಟಗಾದರೆ ನಿಬ್ಬು ಹೋಗುತ್ತದೆ, ಫೀಡು ಅಲ್ಲೇ ಉಳಿಯುತ್ತದೆ. ಅದಕ್ಕೇ ನಾನು ಫೀಡಿನ ಮಾತನ್ನು ಹೆಚ್ಚು ನಂಬುತ್ತೇನೆ.

ನನಗೆ ನಿಜವಾದ ಅನುಮಾನ ಕ್ಯಾಪಿನ ಮೇಲೆ. ಈ ಪೆನ್ನು ಮಾಡಿರುವ ಎಬೊನೈಟ್ ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್. ಬೆಳಕು, ತೇವ ತಗುಲಿದರೆ ಕಪ್ಪು ಹೋಗಿ ಕಂದಾಗುತ್ತದೆ. ಕ್ಯಾಪು ಬಿಚ್ಚಿ, ಅದು ಮುಚ್ಚುವ ಮರೆಯ (ತಿರುಪಿನ ಗೆರೆಗಳ) ಕಡೆ ನೋಡಿ. ಅಲ್ಲಿ ಕಪ್ಪು ಉಳಿದು, ಕ್ಯಾಪಿನ ಅಂಚಿಗೆ ಸರಿಯಾಗಿ ಕಂದು ಶುರುವಾಗಿದ್ದರೆ, ಬಣ್ಣ ಹೋದ ಕಾಲದಲ್ಲೆಲ್ಲ ಮೇಲೆ ಒಂದು ಕ್ಯಾಪು ಇತ್ತು. ಅದೇ ಬೆಳಕಿಗೆ ಆ ಕ್ಯಾಪೂ ಕಂದಾಗಬೇಕಿತ್ತಲ್ಲ? ಆಗಿಲ್ಲ ಅಂದರೆ ಈ ಕ್ಯಾಪು ಬೇರೆ ಪೆನ್ನಿನದ್ದು, ಇಲ್ಲವೇ ಆಮೇಲೆ ಕಪ್ಪು ಹಚ್ಚಿದ್ದಾರೆ. ಹಚ್ಚಿದ್ದರೆ ಮೈಮೇಲೆ ಕೊರೆದ ಅಲೆ ಗೆರೆಗಳ ತಳದಲ್ಲಿ, ಕ್ಲಿಪ್ಪಿನ ರಿವಿಟ್ಟುಗಳ ಸುತ್ತ ಬಣ್ಣ ಕಟ್ಟಿರುತ್ತದೆ. ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ನೋಡಿ. ತೊಳೆಯಲು ಹೋಗಿ ದಯವಿಟ್ಟು ನೀರಿನಲ್ಲಿ ನೆನೆಹಾಕಬೇಡಿ. ಉಳಿದ ಕಪ್ಪೂ ಹೋಗುತ್ತದೆ.

ನೀಲಿಡೈಮಂಡ್:
ಈ ವಿಷಯದಲ್ಲಿ ಪಾರ್ಕರ್ ಕಂಪನಿಯ ಪೆನ್ನು ಸುಲಭ. ಚೀಲವಿಲ್ಲದೆ ಬ್ಯಾರೆಲ್ಲಿಗೇ ಇಂಕು ಎಳೆಯುವ ಹಲವು ವ್ಯಾಕ್ಯುಮ್ಯಾಟಿಕ್ ಪೆನ್ನುಗಳ ಬ್ಯಾರೆಲ್ ಮೇಲೆ ಇಸವಿಯ ಕೊನೇ ಅಂಕಿ, ಅದರ ಸುತ್ತ ವರ್ಷದ ಯಾವ ಕಾಲುಭಾಗ ಅಂತ ತಿಳಿಸುವ ಚುಕ್ಕಿಗಳು ಇರುತ್ತವೆ. ನಿಬ್ಬಿನ ಮೇಲೂ ಎಷ್ಟೋ ಸಲ ಇಂಥದೇ ಗುರುತು ಸಿಗುತ್ತದೆ, ತಾಳೆ ಹಾಕಬಹುದು. ಪಾರ್ಕರ್ 51ರಲ್ಲಿ ಕ್ಯಾಪು ನೋಡಿ. 1948ರಲ್ಲಿ ಅದರಲ್ಲಿ ಚೀಲ ಒತ್ತಿ ಇಂಕು ತುಂಬುವ ಏರೋಮೆಟ್ರಿಕ್ ಬಗೆ ಬಂತು. ನೀಲಿ ಡೈಮಂಡ್ ಗುರುತಿನ ಕ್ಲಿಪ್ಪು ಅದಕ್ಕಿಂತ ಹಿಂದಿನ ವ್ಯಾಕ್ಯುಮ್ಯಾಟಿಕ್ ಕಾಲದ್ದು. ಏರೋಮೆಟ್ರಿಕ್ ಪೆನ್ನಿಗೆ ಆ ಕ್ಲಿಪ್ಪಿದ್ದರೆ ಕ್ಯಾಪು ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ.

ಹಳೇನಿಬ್ಬು:
ಒಂದು ಮಾತು ಸೇರಿಸುತ್ತೇನೆ. ನಿಬ್ಬಿನ ಇಸವಿ ಬ್ಯಾರೆಲ್ಲಿಗಿಂತ ಈಚಿನದಾದ ಮಾತ್ರಕ್ಕೆ ಮೋಸ ಅನ್ನಬೇಡಿ. ಕೆಟ್ಟ ನಿಬ್ಬನ್ನು ಕಂಪನಿಯೇ ಬದಲಿಸಿ ಕೊಡುತ್ತಿತ್ತು. ಬದಲಿಸಿದ್ದನ್ನು ಮುಚ್ಚಿಟ್ಟು ಕೈ ದಾಟಿಸುವುದಿದೆಯಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ.

ಮಸಿಕುಡಿಕೆ:
ಎಲ್ಲ ನೋಡಿದೆ. ಫೀಡಿನಲ್ಲಿ ಎರಡೂ ಗುಳಿ ಇವೆ. ಬ್ಯಾರೆಲ್ಲಿನ ಮರೆ ಹರಳೆಣ್ಣೆ ಸವರಿದಷ್ಟು ಮಿರಿಮಿರಿ ಕಪ್ಪು, ಆಮೇಲೆ ಒಮ್ಮೆಲೇ ಕಂದು. ರಿವಿಟ್ಟಿನ ಸುತ್ತ ಬಣ್ಣ ಕಟ್ಟಿಲ್ಲ. ಕ್ಯಾಪಿನ ಅಲೆ ಗೆರೆ ಉಗುರಿಗೆ ತಾಗುತ್ತದೆ, ಬ್ಯಾರೆಲ್ಲಿನದು ಸವೆದು ನುಣ್ಣಗಾಗಿದೆ. ಮರೆ ಸರಿಯಾಗಿ ಕೂರುತ್ತದೆ. ಚೀಲಕ್ಕೆ ಶೆಲ್ಲಾಕ್. ಈಗ ಗೆಳೆಯರಿಗೆ ಏನೆಂದು ಬರೆದುಕೊಡಲಿ? 2ರ ನಿಬ್ಬು ಹುಡುಕಿ ಹಾಕಲೇ?

ಹಳೇನಿಬ್ಬು:
ಹೀಗೆ ಬರೆಯಿರಿ: 'ವಾಟರ್‌ಮನ್ 52. ಬ್ಯಾರೆಲ್ಲು, ಫೀಡು ಮೂಲದ್ದಾಗಿ ಕಾಣುತ್ತವೆ. ಕ್ಯಾಪು ಬಹುಶಃ ಇನ್ನೊಂದು ಪೆನ್ನಿನದ್ದು. ನಿಬ್ಬು ಬದಲಿ. ಚೀಲ ಹೊಸದು.' ಸಂಗ್ರಹ ಮಾಡುವವರಿಗೆ ಇಷ್ಟು ಹೇಳಿದರೆ ಮಿಕ್ಕಿದ್ದು ಅವರೇ ತೂಗಿ ನೋಡುತ್ತಾರೆ. ಈಗಿನ ನಿಬ್ಬು ಚೆನ್ನಾಗಿ ಬರೆಯುತ್ತಿದ್ದರೆ ನಾನಾದರೆ ಮುಟ್ಟುವುದಿಲ್ಲ. ಬದಲಿಸಲೇಬೇಕು ಅಂದರೆ ತೆಗೆದ ನಿಬ್ಬನ್ನು ಪೆನ್ನಿನ ಜೊತೆಗೇ ಕೊಡಿ. ಇಕ್ಕಳ ಹಾಕಿ ಎಳೆಯಬೇಡಿ. ಚೀಲ ಬಿಚ್ಚಿ, ನಾಕೌಟ್ ಬ್ಲಾಕಿನಲ್ಲಿಟ್ಟು (ನಿಬ್ಬು ತೆಗೆಯಲೆಂದೇ ಇರುವ ತೂತಿನ ದಿಮ್ಮಿ) ಹಿಂದಿನಿಂದ ಮೆಲ್ಲಗೆ ತಟ್ಟಿದರೆ ನಿಬ್ಬು, ಫೀಡು ಎರಡೂ ಒಟ್ಟಿಗೇ ಈಚೆ ಬರುತ್ತವೆ.