ಪದಚರ್ಚೆ: ಅಪ್‌ಡೇಟ್, ಅಪ್‌ಗ್ರೇಡ್ ಎರಡಕ್ಕೂ ‘ನವೀಕರಣ’ ಸಾಕಾ?

ನಮಸ್ಕಾರ ಎಲ್ಲರಿಗೂ.

ಪ್ರಶ್ನೆ ಚಿಕ್ಕದು. ಲಿನಕ್ಸ್ ಅಂದರೆ ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸೋ ಒಂದು ವ್ಯವಸ್ಥೆ. ಅದರಲ್ಲಿ ಅಪ್‌ಡೇಟ್ ಬೇರೆ, ಅಪ್‌ಗ್ರೇಡ್ ಬೇರೆ. ನಾವು ಕನ್ನಡದಲ್ಲಿ ಎರಡಕ್ಕೂ ‘ನವೀಕರಣ’ ಅಂತ ಬರೆದು ಕೈ ತೊಳೆದುಕೊಳ್ಳುತ್ತೇವೆ. ನಾನೂ ಹಾಗೇ ಬರೆದೆ. ಬರೆದು, ನಮ್ಮ ಅಕ್ಕನ ಮಗನ ಫೋನನ್ನು ಮೂರು ವಾರ ಇದ್ದಲ್ಲೇ ಇರಿಸಿದೆ. ಎಲ್ಲಿ ಎಡವಿದೆ ಅಂತ ಹೇಳದೆ ಬರೀ ಪದ ಕೇಳಿದರೆ ನೀವು ನಿಘಂಟು ತೆಗೆದು ಇನ್ನೊಂದು ‘ಕರಣ’ ಕೊಟ್ಟುಬಿಡ್ತೀರಿ ಅನ್ನೋ ಭಯ ಇದೆ, ಹಾಗಾಗಿ ಕತೆ ಸ್ವಲ್ಪ ಉದ್ದ.

ಹುಡುಗ ಇರೋದು ಮೂಡಿಗೆರೆ ಹತ್ತಿರ, ನಾನಿರೋದು ಚಿಕ್ಕಮಗಳೂರು ಪೇಟೆಯಲ್ಲಿ. ಅವನಿಗೆ ಕಂಪ್ಯೂಟರ್ ಹುಚ್ಚು, ಮನೆಯಲ್ಲಿ ಕಂಪ್ಯೂಟರ್ ಇಲ್ಲ. ನನ್ನ ಹತ್ತಿರ ಒಂದು ನೋಕಿಯಾ ಎನ್900 ಇತ್ತು. 2009ರಲ್ಲಿ ಬಂದ ಫೋನು. ಪರದೆ 3.5 ಇಂಚು. ಅದನ್ನು ಪಕ್ಕಕ್ಕೆ ತಳ್ಳಿದರೆ ಕೆಳಗಿನಿಂದ ಮೂರು ಸಾಲಿನ ಕೀಬೋರ್ಡ್ ಹೊರಗೆ ಬರುತ್ತೆ, ಬೆಂಕಿಪೊಟ್ಟಣ ತೆಗೆದ ಹಾಗೆ. ಒಳಗೆ 600 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್. ಈಗಿನ ಲೆಕ್ಕಕ್ಕೆ ಏನೂ ಅಲ್ಲ. ಆದರೆ ಅದು ಹುಟ್ಟಿದ್ದೇ ಲಿನಕ್ಸ್ ಇಟ್ಟುಕೊಂಡು. ಮೇಮೋ 5 ಅನ್ನೋದು ಅದರ ವ್ಯವಸ್ಥೆ, ಅದರ ಬೇರು ಡೆಬಿಯನ್ ಅನ್ನೋ ಲಿನಕ್ಸ್. ಟರ್ಮಿನಲ್ (ಬರೆದು ಆಜ್ಞೆ ಕೊಡೋ ಕಿಟಕಿ) ತೆಗೆದು ಎರಡೂ ಹೆಬ್ಬೆರಳಲ್ಲಿ ಕಮಾಂಡ್ ಕುಟ್ಟಬಹುದು, ಜೇಬಲ್ಲಿ ಹಿಡಿಯುತ್ತೆ. ಕಲಿಯೋ ಹುಡುಗನಿಗೆ ಇನ್ನೇನು ಬೇಕು. ಬ್ಯಾಟರಿ ಊದಿಕೊಂಡಿತ್ತು, ಅದಕ್ಕೆ ಬಿಎಲ್-5ಜೆ ಬೇಕು. ಅಂಗಡಿಯಲ್ಲಿ ಎನ್900 ಅಂದರೆ ಯಾರಿಗೂ ಗೊತ್ತಾಗಲಿಲ್ಲ, ‘5230ರ ಬ್ಯಾಟರಿ’ ಅಂದ ತಕ್ಷಣ ಡಬ್ಬದಿಂದ ತೆಗೆದುಕೊಟ್ಟರು. 5230 ನೋಕಿಯಾದ್ದೇ ಇನ್ನೊಂದು ಫೋನು, ಎರಡಕ್ಕೂ ಒಂದೇ ಬ್ಯಾಟರಿ. ನೋಡಿ, ಅಲ್ಲೂ ಹೆಸರಿನದೇ ಆಟ.

ಹಳೇ ಮೇಮೋವನ್ನು ಈಗ ಬಳಸೋದು ಕಷ್ಟ. ಅದಕ್ಕೆ ಹವ್ಯಾಸಿಗಳು ನಡೆಸಿಕೊಂಡು ಬರ್ತಿರೋ ಮೇಮೋ ಲೆಸ್ಟೆ ಹಾಕೋಣ ಅಂತ ತೀರ್ಮಾನ ಮಾಡಿದೆ. ಅದು ನಿಂತಿರೋದು ಡೆವುವಾನ್ ಮೇಲೆ, ಅಂದರೆ ಡೆಬಿಯನ್ನಿನ ಒಂದು ಕವಲು. ಆಲ್ಪೈನ್ ಅನ್ನೋ ಇನ್ನೊಂದು ಲಿನಕ್ಸ್ ಮೇಲೆ ಕಟ್ಟಿರೋ ಪೋಸ್ಟ್‌ಮಾರ್ಕೆಟ್‌ಓಎಸ್ ಕೂಡ ಈ ಫೋನಿಗೆ ಇದೆ, ನನಗೆ ಡೆಬಿಯನ್ ರೂಢಿ ಅಂತ ಅದನ್ನು ಬಿಟ್ಟೆ. ಕೆಲಸ ಇಷ್ಟೇ. ಮೊದಲು ಯು-ಬೂಟ್ ಅನ್ನೋ, ಫೋನ್ ಆನ್ ಆದಾಗ ವ್ಯವಸ್ಥೆಯನ್ನು ಶುರು ಮಾಡಿಸೋ ಚಿಕ್ಕ ಪ್ರೋಗ್ರಾಮನ್ನು ಫೋನಿಗೆ ಫ್ಲ್ಯಾಶ್ ಮಾಡಬೇಕು, ಅಂದರೆ ನೇರವಾಗಿ ಅದರ ಒಳಗಿನ ಮೆಮೊರಿಗೆ ಬರೆಯಬೇಕು. ಆಮೇಲೆ ಲೆಸ್ಟೆಯನ್ನು ಲ್ಯಾಪ್‌ಟಾಪಿನಿಂದ ಒಂದು ಮೆಮೊರಿ ಕಾರ್ಡಿಗೆ ಬರೆದು, ಹಿಂದಿನ ಮುಚ್ಚಳ ತೆಗೆದು ಕಾರ್ಡ್ ಸಿಕ್ಕಿಸಬೇಕು. ಹಳೇ ವ್ಯವಸ್ಥೆ ಫೋನಿನ ಒಳಗೇ ಇರುತ್ತೆ, ಹೊಸದು ಕಾರ್ಡಿನಲ್ಲಿ.

ಇದನ್ನೆಲ್ಲ ಅವನಿಗೆ ಕನ್ನಡದಲ್ಲಿ ಎರಡು ಪುಟ ಬರೆದುಕೊಟ್ಟೆ. ಅಲ್ಲೇ ಶುರುವಾಗಿದ್ದು ನೋಡಿ.

ಮೊದಲ ಸಾಲಿಗೇ ತಕರಾರು. ‘ಯು ಕೀಲಿಯನ್ನು ಒತ್ತಿ ಹಿಡಿದು ಯುಎಸ್‌ಬಿ ವೈರ್ ಚುಚ್ಚು’ ಅಂತ ಬರೆದಿದ್ದೆ. ಈ ಫೋನ್ ಫ್ಲ್ಯಾಶ್ ಮಾಡೋಕೆ ತಯಾರಾಗೋದೇ ಹಾಗೆ, ಪರದೆಯ ಮೂಲೆಯಲ್ಲಿ ಯುಎಸ್‌ಬಿ ಗುರುತು ಬಂದರೆ ಆಯ್ತು ಅಂತ ಅರ್ಥ. ಹುಡುಗ ಫೋನ್ ಮಾಡಿ ಕೇಳಿದ: ‘ಮಾವ, ಇದಕ್ಕೆ ಕೀಲಿ ಎಲ್ಲಿದೆ?’ ನಮ್ಮ ಕಡೆ ಬೀಗ, ಬೀಗದ ಕೈ. ಕೀಲಿ ಅನ್ನೋದು ಪುಸ್ತಕದ ಮಾತು. ಉತ್ತರ ಕರ್ನಾಟಕದ ಕಡೆ ಕೀಲಿ ಅಂದರೆ ಬೀಗವೇ, ಕೀಲಿ ಹಾಕಿದರು ಅಂದರೆ ಬೀಗ ಜಡಿದರು ಅಂತ. ‘ಕೀಲಿಮಣೆ’ ಒಳ್ಳೇ ಪದ, ಒಪ್ಪುತ್ತೇನೆ, ಎಷ್ಟೋ ವರ್ಷದಿಂದ ನಿಂತಿದೆ. ಆದರೆ ಒಂದೊಂದು ಕೀಲಿಯನ್ನು ಬಿಡಿಬಿಡಿಯಾಗಿ ತೆಗೆದರೆ ಯಾರಿಗೂ ಅರ್ಥ ಆಗಲ್ಲ. ‘ಗುಂಡಿ ಒತ್ತು’ ಅಂದಿದ್ದರೆ ಮುಗಿದಿತ್ತು. ಅಕ್ಕ ಆ ಕೀಬೋರ್ಡ್ ನೋಡಿದವಳೇ ‘ಇದೆಂಥದು ಅಳಗುಳಿಮಣೆ’ ಅಂದಿದ್ದಳು. ಮಣೆಯೂ ಬಂತು, ಗುಳಿಯೂ ಬಂತು, ನಾನು ಮಾತ್ರ ಕೀಲಿ ಹಿಡ್ಕೊಂಡು ಕೂತಿದ್ದೆ.

ಆಮೇಲೆ ಇನ್‌ಸ್ಟಾಲ್. ಲಿನಕ್ಸಿನ ಕನ್ನಡ ಅನುವಾದಗಳಲ್ಲಿ ‘ಅನುಸ್ಥಾಪನೆ’ ನೋಡಿರ್ತೀರಿ. ಬಾಯಲ್ಲಿ ಆಡಿದವರನ್ನು ಮಾತ್ರ ನಾನು ಇವತ್ತಿನವರೆಗೂ ಕಂಡಿಲ್ಲ. ಇಲ್ಲಿ ಎಲ್ಲರೂ ಹೇಳೋದು ಮೂರು ಮಾತು, ಮೂರಕ್ಕೂ ಅರ್ಥ ಬೇರೆ ಬೇರೆ ಅಂತ ನನಗೆ ಗೊತ್ತಾಗಿದ್ದೇ ಈ ಎರಡು ಪುಟ ಬರೆಯೋವಾಗ.

ಒಂದು ‘ಹಾಕು’. ಆ್ಯಪ್ ಹಾಕ್ಕೊಂಡೆ, ಫಾಂಟ್ ಹಾಕಿದೆ. ಬಿಡಿ ಸಾಮಾನು ತಂದು ಒಳಗಿಡೋದು. ಇನ್ನೊಂದು ‘ಹೊಡೆ’. ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ, ಫೋನ್ ಸತ್ತಿದೆ ಅನ್ನಿ, ‘ಸಾಫ್ಟ್‌ವೇರ್ ಹೊಡೀಬೇಕು ಸಾರ್’ ಅಂತಾರೆ. ಮೊದಲು ಈ ಮಾತು ಕೇಳಿ ಒರಟು ಅನ್ನಿಸಿತ್ತು. ಯೋಚನೆ ಮಾಡಿದರೆ ಇದರಷ್ಟು ಕರಾರುವಾಕ್ಕಾದ ಪದ ಇನ್ನೊಂದಿಲ್ಲ. ಸುಣ್ಣ ಹೊಡೀತೀವಿ, ಪೇಂಟ್ ಹೊಡೀತೀವಿ, ಮಳೆಗಾಲಕ್ಕೆ ಮುಂಚೆ ತೋಟಕ್ಕೆ ಬೋರ್ಡೋ ಔಷಧಿ ಹೊಡೀತೀವಿ, ಕಾಗದಕ್ಕೆ ಸೀಲ್ ಹೊಡೀತೀವಿ. ಎಲ್ಲದರಲ್ಲೂ ಹೊರಗಿನಿಂದ ತಂದು, ಅಡಿಯಲ್ಲಿ ಏನಿದೆ ಅಂತ ನೋಡದೆ, ಮೇಲಿಂದ ಒಂದೇ ಸಮನೆ ಬಳಿಯೋದು ಇದೆ. ಫ್ಲ್ಯಾಶ್ ಮಾಡೋದೂ ಅದೇ ಅಲ್ವಾ? ಒಳಗೆ ಮೊದಲು ಏನು ಬರೆದಿತ್ತು ಅಂತ ಅದು ಕೇಳಲ್ಲ, ಅದರ ಮೇಲೇ ಬರೆಯುತ್ತೆ. ‘ಫ್ಲ್ಯಾಶ್ ಮಾಡು’ ಅಂತ ಬರೆದಿದ್ದನ್ನು ಹೊಡೆದುಹಾಕಿ ‘ಹೊಡಿ’ ಅಂತ ತಿದ್ದಿದೆ.

ಮೂರನೇದು ‘ಕೂರಿಸು’. ಪಂಪ್‌ಸೆಟ್ ಕೂರಿಸೋದು, ಟ್ಯಾಂಕ್ ಕೂರಿಸೋದು, ಗಣಪತಿ ಕೂರಿಸೋದು. ಜಾಗ ನೋಡಿ, ಮಟ್ಟ ಮಾಡಿ, ಅಲ್ಲಾಡದ ಹಾಗೆ ನಿಲ್ಲಿಸಿದರೆ ಅದು ಕೂತಿತು. ಇಡೀ ವ್ಯವಸ್ಥೆಯನ್ನು ಕಾರ್ಡಿನಲ್ಲಿ ಇನ್‌ಸ್ಟಾಲ್ ಮಾಡೋದಕ್ಕೆ ನನಗೆ ಇದೇ ಸರಿ ಅನ್ನಿಸುತ್ತೆ. ಯು-ಬೂಟ್ ಹೊಡಿ, ಲೆಸ್ಟೆ ಕೂರಿಸು, ಆಮೇಲೆ ಬೇಕಾದ ಪ್ಯಾಕೇಜ್ (ಲಿನಕ್ಸಿನಲ್ಲಿ ಪ್ರೋಗ್ರಾಮುಗಳು ಬರೋ ಕಟ್ಟು) ಹಾಕು. ‘ಅನುಸ್ಥಾಪಿಸು’ ಅಂತ ಮೂರು ಸಲ ಬರೆದಿದ್ದರೆ ಈ ವ್ಯತ್ಯಾಸ ಒಂದೂ ಉಳಿಯುತ್ತಿರಲಿಲ್ಲ.

ನಮ್ಮ ದೊಡ್ಡಪ್ಪ ಇನ್ನೊಂದು ಹೇಳಿದರು. ಹಳೇ ಫೋನು ಹಾಗೇ ಇದೆ, ಒಳಗಿನ ಜಾತಿ ಮಾತ್ರ ಬೇರೆ ಅಂತ ನಾನು ವಿವರಿಸುತ್ತಿದ್ದರೆ, ‘ಹಂಗಂದ್ರೆ ಕಸಿ ಕಟ್ಟಿದೀಯ ಅನ್ನು ಮಾರಾಯ’ ಅಂದರು. ಬುಡ ರೊಬಸ್ಟಾ ಕಾಫಿ, ಮೇಲೆ ಬೇರೆ. ಚೆನ್ನಾಗಿದೆ, ಆದರೆ ತೋಟ ನೋಡದವರಿಗೆ ಹತ್ತಲ್ಲ. ಸುಮ್ನೆ ದಾಖಲೆಗೆ ಇರಲಿ ಅಂತ ಬರೆದೆ.

ಈಗ ಅಸಲು ವಿಷಯ. ಕೊನೆಯ ಪುಟದಲ್ಲಿ ‘ವಾರಕ್ಕೊಮ್ಮೆ ಇದನ್ನು ಮಾಡು’ ಅಂತ ಎರಡು ಕಮಾಂಡ್ ಬರೆದಿದ್ದೆ. ಆಪ್ಟ್ ಅಪ್‌ಡೇಟ್, ಅದರ ಕೆಳಗೆ ಆಪ್ಟ್ ಅಪ್‌ಗ್ರೇಡ್. ಆಪ್ಟ್ ಅಂದರೆ ಡೆಬಿಯನ್ನಿನಲ್ಲಿ ಪ್ಯಾಕೇಜ್ ತಂದು ಹಾಕೋ ಪ್ರೋಗ್ರಾಮು. ಎರಡರ ಮುಂದೆಯೂ ಅರ್ಥ ಅಂತ ‘ನವೀಕರಣ’ ಬರೆದಿದ್ದೆ. ಹುಡುಗ ಮೂರು ವಾರ ತಪ್ಪದೆ ಮೊದಲನೆಯದನ್ನು ಮಾತ್ರ ಮಾಡಿದ. ಮಳೆ ಜೋರಾಗೋ ಮುಂಚೆ ಊರಿಗೆ ಹೋಗಿ ನೋಡಿದರೆ ಒಂದು ಪ್ಯಾಕೇಜೂ ಬದಲಾಗಿಲ್ಲ, ನೂರಾ ಚಿಲ್ಲರೆ ಕಾಯ್ತಾ ಕೂತಿವೆ. ಬೈಯೋಣ ಅಂತ ಬಾಯಿ ತೆಗೆದರೆ ಅವನಂದ: ‘ಎರಡೂ ಒಂದೇ ಅಲ್ವಾ ಮಾವ, ಮರೆತು ಎರಡು ಸಲ ಬರೆದಿದೀರ ಅನ್ಕೊಂಡೆ.’ ಏನು ಹೇಳೋದು. ಪ್ರತಿ ಸಲ ಅಪ್‌ಡೇಟ್ ಮುಗಿದ ಮೇಲೆ ಇಷ್ಟು ಪ್ಯಾಕೇಜ್ ಅಪ್‌ಗ್ರೇಡ್ ಮಾಡಬಹುದು ಅಂತ ಆಪ್ಟ್ ಇಂಗ್ಲಿಷಿನಲ್ಲಿ ಒಂದು ಸಾಲು ಹೇಳಿಯೇ ಹೇಳುತ್ತೆ. ಅವನು ಅದನ್ನು ಓದಿದಾನೆ. ಅಪ್‌ಗ್ರೇಡ್ ಅಂದರೆ ನವೀಕರಣ, ನವೀಕರಣ ಈಗಷ್ಟೇ ಆಯ್ತಲ್ಲ ಅಂತ ಮುಚ್ಚಿಟ್ಟಿದಾನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಆಪ್ಟ್ ಅಪ್‌ಡೇಟ್ ನಿಮ್ಮ ಯಾವ ಪ್ಯಾಕೇಜನ್ನೂ ಮುಟ್ಟಲ್ಲ. ಯಾವುದರ ಯಾವ ಆವೃತ್ತಿ ಈಗ ಸಿಗುತ್ತೆ ಅನ್ನೋ ಪಟ್ಟಿಯನ್ನು ಸರ್ವರಿನಿಂದ ತಂದು ಇಟ್ಟುಕೊಳ್ಳುತ್ತೆ, ಅಷ್ಟೇ. ಅಪ್‌ಗ್ರೇಡ್ ಆ ಪಟ್ಟಿ ನೋಡಿ ಇರೋ ಪ್ಯಾಕೇಜುಗಳನ್ನು ಹೊಸದಕ್ಕೆ ಬದಲಿಸುತ್ತೆ, ಆದರೆ ಇದ್ದದ್ದು ಯಾವುದನ್ನೂ ಕಿತ್ತುಹಾಕಲ್ಲ. ಫುಲ್-ಅಪ್‌ಗ್ರೇಡ್ ಅಂತ ಮೂರನೇದೊಂದಿದೆ, ಅದು ಅಗತ್ಯ ಬಿದ್ದರೆ ಹಳೇದನ್ನು ತೆಗೆದುಹಾಕಿಯಾದರೂ ಹೊಸದನ್ನು ತರುತ್ತೆ. ಅಲ್ಲಿಗೆ ನಮಗೆ ಬೇಕಾಗಿರೋದು ಎರಡಲ್ಲ, ಮೂರು ಪದ. ಇರೋದು ಒಂದು.

ಆ ಒಂದಕ್ಕೂ ಬೇರೆ ಸಂಸಾರ ಇದೆ. ದೊಡ್ಡಪ್ಪನಿಗೆ ನವೀಕರಣ ಅಂದರೆ ಲೈಸೆನ್ಸು, ವಿಮೆ, ಬ್ಯಾಂಕಿನ ಬೆಳೆಸಾಲ. ಅವಧಿ ಮುಗಿದದ್ದನ್ನು ದುಡ್ಡು ಕಟ್ಟಿ ಮುಂದುವರಿಸೋದು. ಹುಡುಗ ‘ಫೋನಿನ ನವೀಕರಣ ಮಾಡ್ತಿದೀನಿ’ ಅಂದಾಗ ಅವರು ಕೇಳಿದ್ದು, ‘ಎಷ್ಟು ಕಟ್ಬೇಕೋ?’ ಅಂತ. ದೇವಸ್ಥಾನ, ಬಸ್‌ಸ್ಟ್ಯಾಂಡು ಕೆಡವಿ ಕಟ್ಟಿದರೆ ಅದೂ ನವೀಕರಣವೇ. ಇಷ್ಟೆಲ್ಲ ಹೊರೆ ಹೊತ್ತಿರೋ ಪದದ ಮೇಲೆ ಇನ್ನೆರಡು ಮೂಟೆ ಹೇರಿದ್ದು ನನ್ನ ತಪ್ಪು. ಹಾಗೆ ನೋಡಿದರೆ ಜನರೇ ಚೆನ್ನಾಗಿ ಹೇಳ್ತಾರೆ: ‘ಫೋನು ಅಪ್‌ಡೇಟ್ ಕೇಳ್ತಾ ಇದೆ.’ ಹಸು ಹಿಂಡಿ ಕೇಳಿದ ಹಾಗೆ. ಆ ‘ಕೇಳ್ತಾ ಇದೆ’ ನನಗೆ ‘ಲಭ್ಯವಿದೆ’ಗಿಂತ ಎಷ್ಟೋ ಇಷ್ಟ.

ವ್ಯತ್ಯಾಸವನ್ನು ಹುಡುಗನಿಗೆ ತಿಳಿಸಿದ್ದು ಕೊನೆಗೆ ಕಾಫಿ ರೇಟಿನಿಂದ. ದೊಡ್ಡಪ್ಪ ದಿನಾ ಬೆಳಿಗ್ಗೆ ಮುಖ ತೊಳೆಯೋ ಮೊದಲೇ ವಾಟ್ಸಾಪಿನಲ್ಲಿ ರೇಟ್ ನೋಡ್ತಾರೆ. ಅರೇಬಿಕಾ ಪಾರ್ಚ್‌ಮೆಂಟ್ ಎಷ್ಟು, ರೊಬಸ್ಟಾ ಚೆರ್ರಿ ಎಷ್ಟು, 50 ಕೆಜಿ ಮೂಟೆಗೆ. ನೋಡಿ, ಒಂದು ‘ಹ್ಞೂಂ’ ಅಂದು ಫೋನ್ ಕೆಳಗಿಡ್ತಾರೆ. ಮೂಟೆ ಗೋಡೌನಿನಲ್ಲೇ ಇರುತ್ತೆ. ‘ಅಪ್‌ಡೇಟ್ ಅಂದರೆ ತಾತ ರೇಟ್ ನೋಡೋದು, ಅಪ್‌ಗ್ರೇಡ್ ಅಂದರೆ ಮೂಟೆ ಲೋಡ್ ಆಗೋದು’ ಅಂದೆ. ಹುಡುಗನಿಗೆ ತಕ್ಷಣ ಹೊಳೀತು. ದೊಡ್ಡಪ್ಪನಿಗೂ ಹೊಳೀತು, ಆದರೆ ಅವರು ಬೇರೆ ಕಾರಣಕ್ಕೆ ನನ್ನನ್ನು ದುರುಗುಟ್ಟಿ ನೋಡಿದರು.

ಅವತ್ತು ಸಂಜೆಯೇ ಎರಡನೆಯ ಕಮಾಂಡ್ ಕೊಟ್ಟೆವು. ಈ ಫೋನಿಗೆ ನೂರು ಪ್ಯಾಕೇಜ್ ಬಿಚ್ಚಿ ಹಾಕೋದು ಅಂದರೆ ಗಂಟೆಗಟ್ಟಲೆ ಕೆಲಸ. ಎಂಟೂವರೆಗೆ ಕರೆಂಟ್ ಹೋಯ್ತು. ಹತ್ತರ ಹೊತ್ತಿಗೆ ಬ್ಯಾಟರಿಯೂ ಕೈಕೊಟ್ಟಿತು. ಬೆಳಿಗ್ಗೆ ಚಾರ್ಜ್ ಮಾಡಿ ಆನ್ ಮಾಡಿದರೆ ಸದ್ಯ ಎದ್ದಿತು, ಆದರೆ ಅರ್ಧ ಪ್ಯಾಕೇಜ್ ಅಲ್ಲಲ್ಲೇ ನಿಂತಿದ್ದವು. ಅದಕ್ಕೆ ಡಿಪಿಕೆಜಿಗೆ (ಆಪ್ಟ್ ಅಡಿಯಲ್ಲಿ ಪ್ಯಾಕೇಜ್ ಬಿಚ್ಚಿ ಹಾಕೋ ಪ್ರೋಗ್ರಾಮು) ಕಾನ್ಫಿಗರ್ ಅಂತ ಒಂದು ಆಜ್ಞೆ ಕೊಡಬೇಕು, ನಿಂತಲ್ಲಿಂದ ಮುಗಿಸುತ್ತೆ. ಮುಗಿಸಿತು. ಚೀಟಿಯಲ್ಲಿ ಇದಕ್ಕೆ ‘ಸಂರಚಿಸು’ ಅಂತ ಬರೆಯೋಕೆ ಕೈ ಬರಲಿಲ್ಲ, ‘ಅರ್ಧಕ್ಕೆ ನಿಂತದ್ದನ್ನು ಮುಗಿಸು’ ಅಂತ ಬರೆದೆ. ಬೂಟ್ ಆಗೋದಕ್ಕೆ ‘ಏಳು’ ಅಂತ ಬಳಸಿದ್ದೇನೆ. ‘ಫೋನ್ ಎದ್ದಿತಾ?’ ‘ಎದ್ದಿಲ್ಲ ಮಾವ.’ ಇದರಲ್ಲಿ ಯಾರಿಗೂ ಗೊಂದಲ ಆಗಿಲ್ಲ.

ಈಗ ನನ್ನ ಚೀಟಿಯಲ್ಲಿರೋದು ಹೀಗೆ: ಅಪ್‌ಡೇಟಿಗೆ ‘ಪಟ್ಟಿ ತರಿಸು’, ಅಪ್‌ಗ್ರೇಡಿಗೆ ‘ಹೊಸದಕ್ಕೆ ಬದಲಿಸು’, ಫುಲ್-ಅಪ್‌ಗ್ರೇಡಿಗೆ ‘ಕಿತ್ತು ಬದಲಿಸು’. ಹುಡುಗನಿಗೆ ಸಾಕು. ಆದರೆ ಇದನ್ನೇ ಒಂದು ಗುಂಡಿಯ ಮೇಲೆ, 3.5 ಇಂಚಿನ ಪರದೆಯಲ್ಲಿ ಬರೆಯೋಕೆ ಹೋದರೆ ‘ಹೊಸದಕ್ಕೆ ಬದಲಿಸು’ ಹಿಡಿಯಲ್ಲ. ‘ಮೇಲ್ದರ್ಜೆಗೇರಿಸು’ ಇನ್ನೂ ಉದ್ದ, ಜೊತೆಗೆ ಅದು ತಾಲೂಕು ಆಸ್ಪತ್ರೆಗೆ ಹೇಳೋ ಮಾತು. ‘ಉನ್ನತೀಕರಣ’ ಶಾಲೆಗಳ ಪಾಲಾಗಿದೆ. ಬರೀ ‘ಬದಲಿ’ ಅಂದರೆ ಬದಲಿ ಮೇಷ್ಟ್ರು, ಬದಲಿ ಬಸ್ಸು ನೆನಪಾಗುತ್ತೆ, ಅಂದರೆ ತಾತ್ಕಾಲಿಕ ಅನ್ನೋ ವಾಸನೆ.

ಹಾಗಾಗಿ ಕೇಳೋದು ಇಷ್ಟು. ಅಪ್‌ಗ್ರೇಡಿಗೆ ಎರಡು ಮೂರು ಅಕ್ಷರದ, ಬಾಯಲ್ಲಿ ಆಡೋ ಪದ ನಿಮ್ಮ ಕಡೆ ಇದೆಯಾ? ಹೊಸದಾಗಿ ಟಂಕಿಸಿದ್ದು ಬೇಡ, ಗ್ಯಾರೇಜಿನಲ್ಲೋ ಕುಲುಮೆಯಲ್ಲೋ ಹೊಲಿಗೆ ಅಂಗಡಿಯಲ್ಲೋ ಹಳೇ ಭಾಗ ತೆಗೆದು ಅದೇ ಜಾಗಕ್ಕೆ ಒಳ್ಳೇದು ಹಾಕೋದಕ್ಕೆ ಏನಂತಾರೆ ಅನ್ನೋದು ಬೇಕು. ಹಾಗೇ, ರಿಪೇರಿ ಅಂಗಡಿಯ ‘ಹೊಡಿ’ ಧಾರವಾಡ, ಕಲಬುರ್ಗಿ ಕಡೆಯೂ ಇದೆಯಾ ಅಥವಾ ಅಲ್ಲಿ ಬೇರೆ ಮಾತಿದೆಯಾ? ಹುಡುಗ ಭಾನುವಾರ ಮೂಡಿಗೆರೆಯಿಂದ ಬರ್ತಾನೆ, ಅಷ್ಟರೊಳಗೆ ಸಿಕ್ಕರೆ ಚೀಟಿ ತಿದ್ದಿ ಕೊಡಬಹುದು.