ವ್ಯತ್ಯಾಸ ಕಾಣಲಿಲ್ಲ ಎಂಬ ಫಲಿತಾಂಶವನ್ನು ಮಹಾಪ್ರಬಂಧದಲ್ಲಿ ಹೇಗೆ ಬರೆಯಬೇಕು?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಸಾಮಾಜಿಕ ಮನೋವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಇದು ನಾಲ್ಕನೆಯ ವರ್ಷ. ಒಬ್ಬರು ತಪ್ಪು ಮಾಡಿದಾಗ ನೋಡಿದವರು ಅದಕ್ಕೆ ಅವರ ಗುಣವನ್ನು ಕಾರಣವಾಗಿ ಹೇಳುತ್ತಾರೋ ಅಥವಾ ಅವರು ಸಿಕ್ಕಿಕೊಂಡಿದ್ದ ಸಂದರ್ಭವನ್ನೋ ಎಂಬುದು ನನ್ನ ವಿಷಯ. ಇದನ್ನು ಆರಿಸಿಕೊಳ್ಳಲು ಕಾರಣ ಜೋನ್ ಮಿಲ್ಲರ್ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನ. ಷಿಕಾಗೊ ನಗರದವರನ್ನೂ ನಮ್ಮ ಮೈಸೂರಿನವರನ್ನೂ ಹೋಲಿಸಿದ ಆ ಅಧ್ಯಯನದಲ್ಲಿ ಚಿಕ್ಕ ಮಕ್ಕಳ ನಡುವೆ ಹೆಚ್ಚಿನ ಅಂತರವಿರಲಿಲ್ಲ. ವಯಸ್ಸು ಏರಿದ ಹಾಗೆ ಅಲ್ಲಿಯವರು ವ್ಯಕ್ತಿಯ ಸ್ವಭಾವದ ಕಡೆಗೂ ಇಲ್ಲಿಯವರು ಸಂದರ್ಭದ ಕಡೆಗೂ ವಾಲುತ್ತಾ ಹೋಗಿದ್ದರು. ಎಂ.ಎ. ತರಗತಿಯಲ್ಲಿ ಅದನ್ನು ಓದಿದ ದಿನ, ನಾನು ಹುಟ್ಟಿ ಬೆಳೆದ ಊರು ಈ ಶಾಸ್ತ್ರದೊಳಗೆ ಇದೆ ಎಂಬ ಸಂತೋಷ ನನಗಾಗಿತ್ತು.

ಗ್ರಾಮಾಂತರದ ವಿದ್ಯಾರ್ಥಿಗಳು ನಗರದವರಿಗಿಂತ ಸಂದರ್ಭಕ್ಕೆ ಹೆಚ್ಚು ಒತ್ತು ಕೊಡುತ್ತಾರೆ ಎಂಬುದು ನನ್ನ ಪ್ರಾಕ್ಕಲ್ಪನೆ, ಎಂದರೆ ಪರೀಕ್ಷಿಸುವ ಮೊದಲೇ ಇಟ್ಟುಕೊಂಡ ಊಹೆ. ಮೈಸೂರು ನಗರದ ಕಾಲೇಜುಗಳಿಂದ 60, ಮಂಡ್ಯ ಜಿಲ್ಲೆಯ ಗ್ರಾಮಾಂತರ ಕಾಲೇಜುಗಳಿಂದ 60 ಪದವಿ ವಿದ್ಯಾರ್ಥಿಗಳಿಗೆ ಆರು ಸಣ್ಣ ಸನ್ನಿವೇಶಗಳನ್ನು ಓದಿಸಿ, ಪ್ರತಿಯೊಂದಕ್ಕೂ ಗುಣ ಎಷ್ಟು ಕಾರಣ, ಸಂದರ್ಭ ಎಷ್ಟು ಕಾರಣ ಎಂದು 1ರಿಂದ 7ರವರೆಗಿನ ಅಳತೆಯಲ್ಲಿ ಗುರುತು ಹಾಕಿಸಿದೆ. ಎರಡು ಗುಂಪುಗಳ ಸರಾಸರಿಯ ಅಂತರ ಮಾನಕ ವಿಚಲನೆಯ (ಉತ್ತರಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬ ಅಳತೆ) 0.08ರಷ್ಟು ಮಾತ್ರ ಬಂತು. ಪಿ ಮೌಲ್ಯ, ಎಂದರೆ ನಿಜವಾಗಿ ಅಂತರವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ, 0.66. ಅದು 0.05ಕ್ಕಿಂತ ಕೆಳಗಿದ್ದರೆ ಮಾತ್ರ ಫಲಿತಾಂಶವನ್ನು ಸಿಗ್ನಿಫಿಕಂಟ್ ಎನ್ನುವುದು ರೂಢಿ.

ಗೈಡ್ ಅವರು ಉಪಗುಂಪುಗಳನ್ನು ಬೇರೆ ಬೇರೆ ಮಾಡಿ ನೋಡಲು ಹೇಳಿದರು. ಲಿಂಗ, ಓದಿದ ಮಾಧ್ಯಮ, ತಂದೆಯ ಉದ್ಯೋಗ, ಹಾಸ್ಟೆಲ್ ವಾಸ ಹೀಗೆ ಎಂಟು ರೀತಿಯಲ್ಲಿ ನೋಡಿದ ಮೇಲೆ, ಹಾಸ್ಟೆಲ್‌ನಲ್ಲಿರುವ ಹೆಣ್ಣುಮಕ್ಕಳಲ್ಲಿ (ಒಂದೊಂದು ಕಡೆ 12 ಮಂದಿ) ಪಿ ಮೌಲ್ಯ 0.04 ಬಂದಿದೆ. ಅದನ್ನೇ ಮುಖ್ಯ ಪ್ರಾಕ್ಕಲ್ಪನೆಯನ್ನಾಗಿ ಮಾಡಿ ಬರೆದರೆ ಪೇಪರ್ ಆಗುತ್ತದೆ ಎಂಬುದು ಅವರ ಸಲಹೆ. ಅವರು ನನ್ನ ಒಳಿತಿಗಾಗಿಯೇ ಹೇಳಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಆದರೂ ಮೊದಲೇ ಯೋಚಿಸಿರದ ಮಾತನ್ನು ಮೊದಲೇ ಯೋಚಿಸಿದ್ದೆ ಎಂದು ಬರೆಯಲು ನನ್ನ ಕೈ ಓಡುತ್ತಿಲ್ಲ. ಈ ನಡುವೆ, ಹಣ ಕಟ್ಟಿದರೆ ಒಂದು ವಾರದಲ್ಲಿ ಪ್ರಕಟಿಸುತ್ತೇವೆ ಎಂಬ ವಾಟ್ಸ್ಆ್ಯಪ್ ಸಂದೇಶಗಳೂ ಬರುತ್ತಿವೆ. ಏನೂ ಕಾಣದ ಫಲಿತಾಂಶವನ್ನು ಹಾಗೆಯೇ ಬರೆಯಬಹುದೇ? ಎರಡು ವರ್ಷದ ಓಡಾಟ ವ್ಯರ್ಥವಾಯಿತೇ? ದಯವಿಟ್ಟು ತಿಳಿದವರು ಹೇಳಿ.

ಉತ್ತರ 1: ಸಂಖ್ಯಾಶಾಸ್ತ್ರದ ಅಧ್ಯಾಪಕ, ಮೈಸೂರು

ನಿಮ್ಮ ಕೈ ಓಡದಿರುವುದು ಸರಿಯಾಗಿಯೇ ಇದೆ ಮೇಡಂ. ಏಕೆ ಸರಿ ಎಂಬುದನ್ನು ಲೆಕ್ಕದಿಂದಲೇ ಹೇಳುತ್ತೇನೆ, ಗೈಡ್ ಅವರ ಮುಂದೆ ಮಾತನಾಡುವಾಗ ನಿಮಗೆ ಅದು ಬೇಕಾಗುತ್ತದೆ.

ನಿಜವಾಗಿ ಯಾವ ಅಂತರವೂ ಇಲ್ಲದ ಕಡೆ ಒಂದು ಸಲ ಪರೀಕ್ಷಿಸಿದರೆ, ಸುಳ್ಳು ಫಲಿತಾಂಶ ಬರುವ ಸಾಧ್ಯತೆ ನೂರಕ್ಕೆ 5. ಒಂದಕ್ಕೊಂದು ಸಂಬಂಧವಿಲ್ಲದ ಎಂಟು ಪರೀಕ್ಷೆಗಳನ್ನು ಮಾಡಿದರೆ ಅವುಗಳಲ್ಲಿ ಒಂದಾದರೂ 0.05ಕ್ಕಿಂತ ಕೆಳಗೆ ಬೀಳುವ ಸಾಧ್ಯತೆ ನೂರಕ್ಕೆ 34ರ ಹತ್ತಿರ, ಎಂದರೆ ಮೂರು ಸಲಕ್ಕೆ ಒಂದು ಸಲ. ಅದು ಸಿಕ್ಕಿದ ಮೇಲೆ ಉಳಿದ ಏಳನ್ನು ಹೇಳದೆ ಬಿಟ್ಟರೆ ಓದುವವರಿಗೆ ಈ ಸಂಗತಿ ಗೊತ್ತಾಗುವ ದಾರಿಯೇ ಇರುವುದಿಲ್ಲ. ಇನ್ನೊಂದು ವಿಷಯವನ್ನೂ ಗಮನಿಸಿ. ಒಂದೊಂದು ಕಡೆ 12 ಜನ ಇರುವಾಗ 0.05ರ ಗಡಿ ದಾಟಬೇಕಾದರೆ ಅಂತರವು ಮಾನಕ ವಿಚಲನೆಯ 0.85ರಷ್ಟಾದರೂ ಇರಲೇಬೇಕು. ಹೀಗಾಗಿ ಅಷ್ಟು ಚಿಕ್ಕ ಗುಂಪಿನಲ್ಲಿ ಗಡಿ ದಾಟಿದ ಅಂತರ ಯಾವಾಗಲೂ ದೊಡ್ಡದಾಗಿಯೇ ಕಾಣುತ್ತದೆ. ಅದು ಗುಂಪಿನ ಗಾತ್ರದಿಂದ ಬಂದ ದೊಡ್ಡತನವೇ ಹೊರತು, ಹಾಸ್ಟೆಲ್ಲಿನ ಹೆಣ್ಣುಮಕ್ಕಳ ಬಗ್ಗೆ ನೀವು ಕಂಡುಕೊಂಡ ಸತ್ಯವೆಂದು ಹೇಳಲಾಗದು.

ಇದು ನಮ್ಮ ಕಡೆಯವರು ಮಾತ್ರ ಮಾಡುವ ತಪ್ಪೂ ಅಲ್ಲ. ಫಲಿತಾಂಶ ಗೊತ್ತಾದ ಮೇಲೆ ಪ್ರಾಕ್ಕಲ್ಪನೆಯನ್ನು ಹೊಂದಿಸುವ ಈ ರೂಢಿಯ ಬಗ್ಗೆ ನಾರ್ಬರ್ಟ್ ಕೆರ್ 1998ರಲ್ಲಿಯೇ ವಿವರವಾಗಿ ಬರೆದರು. 2011ರಲ್ಲಿ ಸಿಮನ್ಸ್, ನೆಲ್ಸನ್ ಮತ್ತು ಸೈಮನ್‌ಸನ್ ಎಂಬ ಮೂವರು, ಸಂಶೋಧಕರು ಸಹಜವೆಂದು ತೆಗೆದುಕೊಳ್ಳುವ ನಾಲ್ಕು ಬಗೆಯ ಸಡಿಲಿಕೆಗಳು ಒಟ್ಟಿಗೆ ಸೇರಿದರೆ ಸುಳ್ಳು ಫಲಿತಾಂಶದ ಸಾಧ್ಯತೆ ನೂರಕ್ಕೆ 5ರಿಂದ ಸುಮಾರು 61ಕ್ಕೆ ಏರುತ್ತದೆ ಎಂದು ತೋರಿಸಿದರು. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಮೂರರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಅಧ್ಯಯನಗಳಲ್ಲಿ ಮಾತ್ರ ಮೊದಲಿನಂತೆ ಸಿಗ್ನಿಫಿಕಂಟ್ ಫಲಿತಾಂಶ ಬಂತು. ಸಾಮಾಜಿಕ ಮನೋವಿಜ್ಞಾನದ ಅಧ್ಯಯನಗಳನ್ನು ಮಾತ್ರ ಎಣಿಸಿದರೆ ಅದು ನಾಲ್ಕರಲ್ಲಿ ಒಂದಕ್ಕೆ ಇಳಿಯಿತು. ಆ ಲೇಖಕರಲ್ಲಿ ಬಹುಪಾಲು ಜನ ಮೋಸಗಾರರಲ್ಲ, ನಿಮ್ಮ ಗೈಡ್ ಅವರಂತೆಯೇ ಒಳ್ಳೆಯ ಮನಸ್ಸಿನಿಂದ ದತ್ತಾಂಶವನ್ನು ಮತ್ತೆ ಮತ್ತೆ ಕೆದಕಿದವರೂ ಅವರಲ್ಲಿ ಇದ್ದಿರಬಹುದು.

ಈಗ ನಿಮ್ಮ ಮುಖ್ಯ ಫಲಿತಾಂಶಕ್ಕೆ ಬರೋಣ. "ವ್ಯತ್ಯಾಸವಿಲ್ಲ" ಎಂದು ಬರೆಯಬೇಡಿ. ನಿಮ್ಮ 0.08ಕ್ಕೆ ನೂರಕ್ಕೆ 95ರ ವಿಶ್ವಾಸ ವ್ಯಾಪ್ತಿ (ನಿಜವಾದ ಅಂತರ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ಅಂದಾಜು) ಲೆಕ್ಕ ಹಾಕಿದರೆ ಅದು ಸರಿಸುಮಾರು ಮೈನಸ್ 0.28ರಿಂದ ಪ್ಲಸ್ 0.44ರವರೆಗೆ ಬರುತ್ತದೆ. ಇದರರ್ಥ, ಮಾನಕ ವಿಚಲನೆಯ ಅರ್ಧದಷ್ಟು ದೊಡ್ಡ ಅಂತರ ಇರಲಾರದು ಎಂದು ನೀವು ಧೈರ್ಯವಾಗಿ ಹೇಳಬಹುದು, ಆದರೆ 0.2ರಷ್ಟು ಚಿಕ್ಕ ಅಂತರ ಇಲ್ಲವೆನ್ನಲು ನಿಮ್ಮ 120 ಜನ ಸಾಲುವುದಿಲ್ಲ. ಅಂಥ ಅಂತರ ನಿಜವಾಗಿ ಇದ್ದರೂ ಈ ಗಾತ್ರದ ಮಾದರಿಯಲ್ಲಿ ಅದು ಐದು ಸಲಕ್ಕೆ ಒಂದು ಸಲ ಮಾತ್ರ ಕಣ್ಣಿಗೆ ಬೀಳುತ್ತದೆ, ನೂರಕ್ಕೆ 80 ಸಲ ಕಾಣಬೇಕಾದರೆ ಒಂದೊಂದು ಗುಂಪಿಗೂ 400ರ ಹತ್ತಿರ ಜನ ಬೇಕು. ಇಷ್ಟನ್ನು ಬಿಡಿಸಿ ಬರೆದರೆ ಅದು ಮುಂದಿನವರಿಗೆ ಉಪಯೋಗಕ್ಕೆ ಬರುವ ಫಲಿತಾಂಶವೇ ಆಗುತ್ತದೆ. ಎಂಟೂ ಉಪಗುಂಪುಗಳನ್ನು ಒಂದೇ ಕೋಷ್ಟಕದಲ್ಲಿ ಕೊಡಿ, ಇವು ಆಮೇಲೆ ನೋಡಿದವು ಎಂದು ಮೇಲೆಯೇ ಬರೆಯಿರಿ.

ಉತ್ತರ 2: ಪ್ರಥಮ ದರ್ಜೆ ಕಾಲೇಜಿನ ಉಪನ್ಯಾಸಕ, ಮಂಡ್ಯ ಜಿಲ್ಲೆ

ಮೇಲಿನ ಸರ್ ಹೇಳಿದ ಲೆಕ್ಕವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಲೆಕ್ಕಕ್ಕೂ ಮೊದಲು ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಇಂಥ ಪ್ರಶ್ನಾವಳಿಗಳನ್ನು ಹಿಡಿದುಕೊಂಡು ನಮ್ಮ ಕಾಲೇಜಿಗೆ ಬರುವ ಸಂಶೋಧಕರಿಗೆ ಮಕ್ಕಳನ್ನು ಕೂರಿಸಿಕೊಡುವವನು ನಾನೇ ಆದ್ದರಿಂದ ಇದು ನನಗೆ ಹತ್ತಿರದ ವಿಷಯ.

ಮೊದಲನೆಯದು, ನಗರ ಮತ್ತು ಗ್ರಾಮಾಂತರ ಎಂದು ನೀವು ಯಾವುದರ ಮೇಲೆ ವಿಂಗಡಿಸಿದಿರಿ? ಕಾಲೇಜು ಇರುವ ಸ್ಥಳದ ಮೇಲೆ ಎಂದು ನಿಮ್ಮ ಬರವಣಿಗೆಯಿಂದ ತೋರುತ್ತದೆ. ಮೈಸೂರಿನ ಹಾಸ್ಟೆಲ್ಲುಗಳಲ್ಲಿ ಕೆ.ಆರ್. ಪೇಟೆ, ನಾಗಮಂಗಲ, ಮಳವಳ್ಳಿ ಕಡೆಯ ಮಕ್ಕಳಿದ್ದಾರೆ, ಪಾಂಡವಪುರ ಮತ್ತು ಶ್ರೀರಂಗಪಟ್ಟಣದಿಂದ ದಿನವೂ ಬಸ್ಸಿನಲ್ಲೋ ರೈಲಿನಲ್ಲೋ ಬಂದು ಹೋಗುವವರೂ ಇದ್ದಾರೆ. ನಿಮ್ಮ ನಗರದ 60 ಮಂದಿಯಲ್ಲಿ ಎಷ್ಟು ಜನ ಹಳ್ಳಿಯಲ್ಲಿ ಬೆಳೆದವರು ಎಂಬುದನ್ನು ನೋಡದೆ, ಎರಡು ಗುಂಪುಗಳು ಒಂದೇ ಥರ ಉತ್ತರಿಸಿದವು ಎಂದರೆ ಏನು ಅರ್ಥ ಮಾಡಿಕೊಳ್ಳಬೇಕು?

ಎರಡನೆಯದು ಸನ್ನಿವೇಶಗಳ ಬಗ್ಗೆ. ಅವು ಯಾವುವೆಂದು ನೀವು ಬರೆದಿಲ್ಲ. ಹೋದ ವರ್ಷ ನಮ್ಮಲ್ಲಿಗೆ ಬಂದಿದ್ದ ಒಬ್ಬರು, ಸರದಿ ತಪ್ಪಿಸಿ ನಾಲೆಯ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡ ರೈತನ ಕಥೆಯನ್ನು ಕೊಟ್ಟಿದ್ದರು. ನಾಲೆಯ ಕೊನೆ ಭಾಗದ ಮನೆಯಿಂದ ಬಂದ ಹುಡುಗನಿಗೆ ಆ ಕಥೆಯಲ್ಲಿ ಬರೆಯದೆ ಉಳಿದಿರುವ ಹತ್ತು ಸಂಗತಿಗಳು ಗೊತ್ತಿರುತ್ತವೆ: ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಪೈರು ಯಾವ ಹಂತದಲ್ಲಿದ್ದಾಗ ಒಣಗಿದರೆ ಕೈಗೆ ಏನೂ ಸಿಗುವುದಿಲ್ಲ, ಮೇಲ್ಭಾಗದವರು ಏನು ಮಾಡುತ್ತಾರೆ. ನೀರಿಗಾಗಿ ಕಾದು ಕಷ್ಟಪಟ್ಟ ಅದೇ ಹುಡುಗ ಆ ರೈತನ ಮೇಲೆ ಹೆಚ್ಚು ಸಿಟ್ಟಾಗುವುದೂ ಉಂಟು. ಕುವೆಂಪುನಗರದಲ್ಲಿ ಬೆಳೆದ ವಿದ್ಯಾರ್ಥಿಗೆ ಅದು ಬರೀ ಸರದಿ ತಪ್ಪಿಸಿದ ಕಥೆ. ಎರಡೂ ಕಡೆ ಒಂದೇ ಸಂಖ್ಯೆ ಬಂದರೂ ಅದರ ಹಿಂದಿನ ಯೋಚನೆ ಒಂದೇ ಆಗಿರಬೇಕೆಂದಿಲ್ಲ.

ಮೂರನೆಯದನ್ನೇ ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿದಿದ್ದೇನೆ. ಮಿಲ್ಲರ್ ಅವರು ಜನರಿಗೆ ಗುರುತು ಹಾಕಲು ಹೇಳಿರಲಿಲ್ಲ. ಪರಿಚಯದವರು ಮಾಡಿದ ಒಳ್ಳೆಯ ಕೆಲಸ, ಕೆಟ್ಟ ಕೆಲಸಗಳನ್ನು ಜನರಿಂದಲೇ ಹೇಳಿಸಿ, ಆ ಪರಿಚಯದವರು ಹಾಗೆ ಮಾಡಿದ್ದು ಏಕೆ ಎಂದು ಕೇಳಿ, ಜನ ಆಡಿದ ಮಾತನ್ನು ಆಮೇಲೆ ವರ್ಗೀಕರಿಸಿದ್ದರು. ಬೈಕಿನ ಹಿಂದೆ ಕೂತಿದ್ದವನು ಬಿದ್ದು ತಲೆಗೆ ಪೆಟ್ಟಾದಾಗ, ಅವನನ್ನು ಆಸ್ಪತ್ರೆಗೆ ಬಿಟ್ಟು ತನ್ನ ಕೋರ್ಟಿನ ಕೆಲಸಕ್ಕೆ ಹೊರಟುಹೋದ ವಕೀಲನ ಪ್ರಸಂಗ ಆ ಅಧ್ಯಯನದಲ್ಲಿ ಬರುವುದು ನಿಮಗೆ ನೆನಪಿರಬಹುದು. ವಕೀಲನಾದವನಿಗೆ ಕೋರ್ಟಿಗೆ ಹೋಗಲೇಬೇಕಾದ ಕರ್ತವ್ಯವಿತ್ತು ಎಂಬಂಥ ವಿವರಣೆ ಜನರ ಮಾತಿನಲ್ಲಿ ಬರುತ್ತದೆ, 1ರಿಂದ 7ರ ಗೆರೆಯ ಮೇಲೆ ಅದಕ್ಕೆ ಜಾಗವಿಲ್ಲ. "ವ್ಯಕ್ತಿಯ ಆಂತರಿಕ ಗುಣಲಕ್ಷಣಗಳು" ಎಂದು ಅನುವಾದಿಸಿದ ಸಾಲನ್ನು ನಮ್ಮ ಮಕ್ಕಳು ಪರೀಕ್ಷೆಯ ಪ್ರಶ್ನೆಯಂತೆ ಓದುತ್ತಾರೆ, ಮಧ್ಯದ 4ಕ್ಕೆ ಗುರುತು ಹಾಕಿ ಹಾಳೆ ಕೊಡುತ್ತಾರೆ. "ನೀವು ಹೆಂಗೆ ಬರ್ಕೊಂಡ್ರೂ ಸರಿ ಮೇಡಂ" ಎಂದವರನ್ನೂ ನಾನು ಕೇಳಿದ್ದೇನೆ. ಅದೇ ಮಕ್ಕಳನ್ನು ಮಾತಿಗೆ ಎಳೆದರೆ "ಸಹವಾಸ ದೋಷ", "ಅವನ ಗ್ರಹಚಾರ", "ಮನೇಲಿ ಬೆಳೆಸಿದ್ದೇ ಹಂಗೆ" ಎನ್ನುತ್ತಾರೆ. ಸಹವಾಸ ದೋಷ ಎಂಬುದು ಸಂದರ್ಭವೋ ಸ್ವಭಾವವೋ? ಅದನ್ನು ಹೇಳುವವರು ಹುಡುಗನನ್ನು ಕ್ಷಮಿಸುತ್ತಿದ್ದಾರೋ ದೂರುತ್ತಿದ್ದಾರೋ? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಅದೇ ಒಂದು ಅಧ್ಯಾಯವಾಗುತ್ತದೆ.

ಸಮಯವಿದ್ದರೆ, ಒಂದೊಂದು ಕಡೆ ಇಪ್ಪತ್ತು ಜನರನ್ನಾದರೂ ಕೂರಿಸಿಕೊಂಡು, ಅವರ ಒಪ್ಪಿಗೆ ಪಡೆದು ಮಾತನ್ನು ರೆಕಾರ್ಡ್ ಮಾಡಿ. ಗುಂಪು ಯಾವುದೆಂದು ತಿಳಿಯದ ಇಬ್ಬರು ಬೇರೆ ಬೇರೆಯಾಗಿ ಕುಳಿತು ಆ ಉತ್ತರಗಳನ್ನು ವರ್ಗೀಕರಿಸಲಿ, ಇಬ್ಬರ ನಡುವೆ ಎಷ್ಟು ಹೊಂದಾಣಿಕೆ ಬಂತೆಂಬುದನ್ನು, ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಲೆಕ್ಕ ಹಾಕುವ ಕಪ್ಪಾ ಅಳತೆಯಿಂದ ತೋರಿಸಿ. ನಮ್ಮ ಕಾಲೇಜಿಗೆ ಬಂದರೆ ಪ್ರಾಂಶುಪಾಲರಲ್ಲಿ ಅನುಮತಿ ಕೇಳಿ ಕೊಡಿಸುವ ಜವಾಬ್ದಾರಿ ನನ್ನದು.

ಉತ್ತರ 3: ನಿವೃತ್ತ ಪ್ರಾಧ್ಯಾಪಕಿ, ಸರಸ್ವತಿಪುರಂ

ಪ್ರಕಟಣೆಯ ಬಗ್ಗೆ ಮಾತ್ರ ಎರಡು ಮಾತು ಹೇಳುತ್ತೇನಮ್ಮ. ಹಣ ಕಟ್ಟಿಸಿಕೊಂಡು ವಾರದೊಳಗೆ ಪ್ರಕಟಿಸುವವರ ಸಹವಾಸ ಬೇಡ. ಒಬ್ಬರೂ ಓದಿ ತಿದ್ದದ ಪೇಪರ್ ನಿಮ್ಮ ಹೆಸರಿನ ಜೊತೆ ಕೊನೆಯವರೆಗೂ ಉಳಿಯುತ್ತದೆ. ಮಹಾಪ್ರಬಂಧ ಸಲ್ಲಿಸುವ ಮುನ್ನ ಪೇಪರ್ ಪ್ರಕಟವಾಗಿರಲೇಬೇಕೆಂಬ ಷರತ್ತನ್ನು ಯುಜಿಸಿ 2022ರ ನವೆಂಬರಿನ ನಿಯಮಾವಳಿಯಲ್ಲಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯದ ಸ್ವಂತ ನಿಯಮ ಏನೆಂಬುದನ್ನು ಪಿಎಚ್.ಡಿ. ವಿಭಾಗದಲ್ಲಿ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ, ಅರ್ಧ ಆತಂಕ ಅಲ್ಲಿಗೇ ಕಡಿಮೆಯಾಗಬಹುದು. ಹೊಸದಾಗಿ ಮಾಡುವ ಸಂದರ್ಶನದ ಯೋಜನೆಯನ್ನು ದತ್ತಾಂಶ ತೆಗೆಯುವ ಮೊದಲೇ ದಿನಾಂಕದೊಡನೆ ನೋಂದಾಯಿಸಿಡಿ. ಕಾರ್ಟೆಕ್ಸ್ ಪತ್ರಿಕೆ 2013ರಲ್ಲಿ ಆರಂಭಿಸಿದ ಪದ್ಧತಿಯನ್ನು ಈಗ ಅನೇಕ ಜರ್ನಲ್‌ಗಳು ಅನುಸರಿಸುತ್ತಿವೆ, ಅಲ್ಲಿ ಯೋಜನೆಯನ್ನು ಮೊದಲೇ ಪರಿಶೀಲಿಸಿ ಒಪ್ಪುತ್ತಾರೆ, ಫಲಿತಾಂಶ ಯಾವ ಕಡೆಗೆ ಬಂದರೂ ಪ್ರಕಟಿಸುತ್ತಾರೆ.

ಇನ್ನೊಂದು ಮಾತು. ನಮ್ಮ ಮಹಾರಾಜಾ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೋವಿಜ್ಞಾನ ವಿಭಾಗವನ್ನು ತೆರೆದದ್ದು 1924ರಲ್ಲಿ. ಅಷ್ಟು ಹಳೆಯ ಪರಂಪರೆಯಿರುವ ಈ ಊರಿನಲ್ಲಿ ನಾನು ಪಾಠ ಮಾಡಿದಷ್ಟು ವರ್ಷವೂ, ವ್ಯತ್ಯಾಸ ಕಾಣದ ಅಧ್ಯಯನಗಳು ಬೀರುವಿನೊಳಗೆ ಹೋಗುವುದನ್ನು ನೋಡಿದೆ. ನನ್ನವೂ ಎರಡು ಹಾಗೆಯೇ ಹೋದವು, ಅದರ ಬಗ್ಗೆ ನನಗೆ ಇಂದಿಗೂ ಬೇಸರವಿದೆ. ಆಮೇಲೆ ಬಂದ ಒಬ್ಬ ವಿದ್ಯಾರ್ಥಿ ಅದೇ ಪ್ರಶ್ನೆ ಹಿಡಿದು ಎರಡು ವರ್ಷ ಕಳೆದ, ನಾನು ಪ್ರಕಟಿಸಿದ್ದರೆ ಅವನ ಆ ಎರಡು ವರ್ಷ ಉಳಿಯುತ್ತಿತ್ತು. ಗೈಡ್ ಅವರ ಬಳಿ ಒಬ್ಬರೇ ಹೋಗಿ, ಉತ್ತರ 1ರಲ್ಲಿರುವ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿ. ಸಂಕೋಚಪಡಬೇಡಿ, ವಾದಿಸಲೂ ಬೇಡಿ. ಲೆಕ್ಕ ಮುಂದಿದ್ದರೆ ಹೆಚ್ಚಿನವರು ಕೇಳಿಸಿಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ನಾನು ಋಣಿ. ಮಾಹಿತಿ ಪತ್ರಗಳನ್ನು ನಿನ್ನೆ ಮತ್ತೆ ತೆಗೆದು ನೋಡಿದೆ. ಉಪನ್ಯಾಸಕ ಸರ್ ಊಹಿಸಿದ್ದು ನಿಜ: ನಗರದ 60ರಲ್ಲಿ 23 ಮಂದಿ ಎಸ್.ಎಸ್.ಎಲ್.ಸಿ.ಯವರೆಗೆ ಹಳ್ಳಿಯಲ್ಲೇ ಓದಿದವರು. ಇದನ್ನು ನಾನು ಮೊದಲೇ ನೋಡಬೇಕಾಗಿತ್ತು. ಈಗ ಅವರನ್ನು ಬೇರೆ ಮಾಡಿ ಮತ್ತೊಮ್ಮೆ ಪರೀಕ್ಷಿಸಿದರೆ ಅದು ಒಂಬತ್ತನೆಯ ಪ್ರಯತ್ನವಾಗುತ್ತದೆ ಎಂಬುದು ಅರ್ಥವಾಗಿದೆ, ಆದ್ದರಿಂದ ಅದನ್ನೂ ಅದೇ ಕೋಷ್ಟಕಕ್ಕೆ ಸೇರಿಸುತ್ತೇನೆ.

ಇವತ್ತು ಬೆಳಿಗ್ಗೆ ಗೈಡ್ ಅವರ ಮುಂದೆ ಹಾಳೆ ಇಟ್ಟೆ. ತುಂಬ ಹೊತ್ತು ನೋಡಿ, ಮುಖ್ಯ ಫಲಿತಾಂಶವನ್ನು ಇದ್ದಂತೆಯೇ ಬರೆಯಲು ಒಪ್ಪಿದರು. ಸಂದರ್ಶನಕ್ಕೆ ಆರು ತಿಂಗಳಿಗಿಂತ ಹೆಚ್ಚು ಸಮಯ ತೆಗೆದುಕೊಳ್ಳಬಾರದು ಎಂದಿದ್ದಾರೆ. ಉಪನ್ಯಾಸಕ ಸರ್, ಮುಂದಿನ ವಾರ ನಿಮ್ಮ ಕಾಲೇಜಿಗೆ ಬಂದು ಪ್ರಾಂಶುಪಾಲರನ್ನು ಕಾಣುತ್ತೇನೆ. ಅದಕ್ಕೂ ಮೊದಲು ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು: "ಗ್ರಹಚಾರ" ಎಂಬಂಥ ಉತ್ತರಗಳನ್ನು ಸ್ವಭಾವಕ್ಕೂ ಸಂದರ್ಭಕ್ಕೂ ಸೇರಿಸದೆ ಮೂರನೆಯ ವರ್ಗವನ್ನಾಗಿ ಯೋಜನೆಯಲ್ಲಿ ಬರೆದಿದ್ದೇನೆ. "ಸಹವಾಸ ದೋಷ"ಕ್ಕೂ ಬೇರೆ ವರ್ಗ ಬೇಕೇ, ಅಥವಾ ಅದನ್ನು ಸಂದರ್ಭದ ಒಳಗೇ ಇಡಬಹುದೇ?