'ಡೇಜ್ಡ್ ಅಂಡ್ ಕನ್‌ಫ್ಯೂಸ್ಡ್' ನೋಡಿದೆ, ಇದರಲ್ಲಿ ಹೀರೋ ಯಾರು?

ಕೊನೆಬೆಂಚು:
ರಿಚರ್ಡ್ ಲಿಂಕ್‌ಲೇಟರ್ ಅವರ 'ಬಿಫೋರ್ ಸನ್‌ರೈಸ್' ನನಗೆ ತುಂಬಾ ಇಷ್ಟ. ಅದೇ ಖುಷಿಯಲ್ಲಿ ನಿನ್ನೆ ರಾತ್ರಿ ಅವರ 1993ರ ಈ ಸಿನಿಮಾ ಹಾಕಿಕೊಂಡು ಕೂತೆ. 1976ರ ಮೇ 28, ಟೆಕ್ಸಾಸ್‌ನ ಒಂದು ಹೈಸ್ಕೂಲಿನಲ್ಲಿ ವರ್ಷದ ಕೊನೇ ದಿನ. ಮಧ್ಯಾಹ್ನದಿಂದ ಮಾರನೇ ದಿನ ಬೆಳಗಿನ ಜಾವದವರೆಗೂ ಹುಡುಗ ಹುಡುಗಿಯರು ಕಾರಲ್ಲಿ ಸುತ್ತುತ್ತಾರೆ, ಕುಡಿಯುತ್ತಾರೆ, ಮಾತಾಡುತ್ತಾರೆ, ಅಷ್ಟೇ. ಅರ್ಧ ಗಂಟೆ ಆದರೂ ಯಾರ ಹೆಸರೂ ತಲೆಯಲ್ಲಿ ಉಳಿಯಲಿಲ್ಲ. ಇವನ ಕಥೆ ಇದು ಅಂದುಕೊಳ್ಳುವಷ್ಟರಲ್ಲಿ ಕ್ಯಾಮೆರಾ ಇನ್ನೊಂದು ಕಾರು ಹತ್ತಿರುತ್ತದೆ. ಆದರೂ ಎದ್ದು ಹೋಗಲು ಮನಸ್ಸು ಬರಲಿಲ್ಲ. ಇದು ಸುಮ್ನೆ ಹಳೇ ನೆನಪಿನ ಸಿನಿಮಾನಾ, ಇಲ್ಲಾ ನಾನೇ ಏನೋ ಬಿಟ್ಟೆನಾ?

ರಾತ್ರಿ_ಶೋ:
ಹೀರೋನ ಬಿಡಿ, ಗಡಿಯಾರ ನೋಡಿ. ಲಿಂಕ್‌ಲೇಟರ್‌ಗೆ ಹೊತ್ತು ಸರಿಯುವುದೇ ಕಥೆ. 'ಬಿಫೋರ್ ಸನ್‌ರೈಸ್' ವಿಯೆನ್ನಾದ ಒಂದು ರಾತ್ರಿ. 'ಬಾಯ್‌ಹುಡ್' ಅನ್ನು ಅದೇ ಹುಡುಗನನ್ನು ಇಟ್ಟುಕೊಂಡು 12 ವರ್ಷ ಶೂಟ್ ಮಾಡಿದರು. ಇದಕ್ಕೆ ಮುಂಚಿನ 'ಸ್ಲ್ಯಾಕರ್'ನಲ್ಲಿ ಕ್ಯಾಮೆರಾ ಟೆಕ್ಸಾಸ್‌ನ ಆಸ್ಟಿನ್ ಬೀದಿಗಳಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಗುತ್ತದೆ. ಇಲ್ಲೂ ಅದೇ ಅಭ್ಯಾಸ, ಆದರೆ ಇಲ್ಲಿ ಬಿಟ್ಟವರು ಸುತ್ತಿ ಬಳಸಿ ಮತ್ತೆ ಸಿಗುತ್ತಾರೆ, ಸಣ್ಣ ಊರಲ್ಲಿ ಆಗುತ್ತಲ್ಲ ಹಾಗೆ.

ಮಿಚ್ ಬೇಸ್‌ಬಾಲ್ ಆಡುವ ದೃಶ್ಯ ಇನ್ನೊಂದು ಸಲ ನೋಡಿ. ಮುಂದಿನ ವರ್ಷ ಹೈಸ್ಕೂಲಿಗೆ ಬರಬೇಕಾದ ಹುಡುಗ, ಚೆಂಡು ಎಸೆಯುತ್ತಿದ್ದಾನೆ. ಬೇಲಿಯಾಚೆ ಸೀನಿಯರ್‌ಗಳು ಮರದ ಹಲಗೆ ಹಿಡಿದು ಕಾಯುತ್ತಿದ್ದಾರೆ, ಹೊಸಬರಿಗೆ ಅದರಿಂದ ಬಾರಿಸುವುದು ಅಲ್ಲಿನ ಪದ್ಧತಿ. ಆಟ ಮುಗಿದರೆ ಏಟು ಗ್ಯಾರಂಟಿ. ಅವನ ಅಕ್ಕ 'ನನ್ನ ತಮ್ಮನಿಗೆ ಜಾಸ್ತಿ ಹೊಡೀಬೇಡಿ' ಅಂತ ಕೇಳಿಕೊಂಡಿದ್ದೇ ಅವನಿಗೆ ಮುಳುವಾಗಿದೆ. ಆಮೇಲೆ ಅದೇ ಸೀನಿಯರ್ ಗುಂಪಿನ ಪಿಂಕ್ ಅವನನ್ನು ರಾತ್ರಿ ಜೊತೆಗೆ ಸುತ್ತಲು ಕರೆಯುತ್ತಾನೆ. ಹಗಲು ಹೊಡೆತ, ರಾತ್ರಿ ಗೆಳೆತನ. ದೊಡ್ಡವನಾಗುವುದು ಅಂದರೆ ಏನು ಅಂತ ಯಾರೂ ಅವನಿಗೆ ಭಾಷಣ ಮಾಡುವುದಿಲ್ಲ.

ಬರ್ನೆಟ್_ರೋಡ್:
ನಾನು ಇರುವುದು ಆಸ್ಟಿನ್‌ನಲ್ಲೇ. ಹೈಸ್ಕೂಲ್ ಮುಗಿಸಿಯೂ ಈ ಹುಡುಗರ ಜೊತೆಗೇ ಸುತ್ತುವ ವುಡರ್‌ಸನ್ ಕಾರಲ್ಲಿ ಬಂದು 'ಆಲ್‌ರೈಟ್' ಅಂತ ಮೂರು ಸಲ ಎಳೆಯುತ್ತಾನಲ್ಲ, ಆ ಟಾಪ್ ನಾಚ್ ಬರ್ಗರ್ ಅಂಗಡಿ ಬರ್ನೆಟ್ ರೋಡಿನದು. ನನಗೆ ಈ ನಿರ್ದೇಶಕರ ಶೈಲಿ ತಿಳಿದದ್ದು ಆ ಪಾತ್ರದಿಂದಲೇ. ಅದನ್ನು ಮಾಡಿದ ಮ್ಯಾಥ್ಯೂ ಮೆಕಾನಹೇ ಆಗ ಇಲ್ಲಿನ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಹುಡುಗ, ಹೋಟೆಲ್ ಬಾರಿನಲ್ಲಿ ಕಾಸ್ಟಿಂಗ್‌ನವರು ಸಿಕ್ಕರು. ಕೊಟ್ಟದ್ದು ನಾಲ್ಕು ಮಾತಿನ ಪಾತ್ರ. ಹುಡುಗ ಚೆನ್ನಾಗಿ ಮಾಡುತ್ತಿದ್ದಾನೆ ಅಂತ ಲಿಂಕ್‌ಲೇಟರ್ ದೃಶ್ಯದ ಮೇಲೆ ದೃಶ್ಯ ಸೇರಿಸಿದರು. ಶೂಟಿಂಗ್ ನಡೆಯುವಾಗಲೇ ಅವನ ಅಪ್ಪ ತೀರಿಕೊಂಡರು. ಹೋಗಿ ವಾಪಸ್ ಬಂದ. ಫುಟ್‌ಬಾಲ್ ಮೈದಾನದಲ್ಲಿ ವುಡರ್‌ಸನ್ ಹೇಳುವ 'ಬದುಕ್ತಾ ಇರಬೇಕು' ಅನ್ನೋ ಮಾತು ಆ ದುಃಖದಿಂದ ಬಂದದ್ದು. ನಟನ ಬದುಕಿನಿಂದ ಬಂದ ಮಾತಿಗೆ ಜಾಗ ಬಿಡುವ ನಿರ್ದೇಶಕರು ಎಷ್ಟು ಜನ ಇದ್ದಾರೆ ಹೇಳಿ.

ರಾತ್ರಿ ಎತ್ತರದ ದೀಪದ ಗೋಪುರದ ಹತ್ತಿರ ಪಾರ್ಟಿ ನಡೆಯುತ್ತದಲ್ಲ, ಆ ಥರದ ಗೋಪುರಗಳು ಇಲ್ಲಿ ನಿಜವಾಗಿಯೂ ಇವೆ. 1890ರ ದಶಕದವು, 165 ಅಡಿ ಎತ್ತರ.

ಸಂಜೆ_ಮಳೆ:
ಎಲ್ಲರೂ ಇಷ್ಟು ಹೊಗಳುವಾಗ ನನ್ನದೊಂದು ತಕರಾರು. ಹೊಸ ಹುಡುಗಿಯರನ್ನು ನೆಲದ ಮೇಲೆ ಮಲಗಿಸಿ ಕೆಚಪ್, ಸಾಸಿವೆ ಸಾಸು, ಹಿಟ್ಟು, ಮೊಟ್ಟೆ ಸುರಿಯುವ ದೃಶ್ಯ ನನ್ನಿಂದ ನೋಡೋಕಾಗಲ್ಲ. ನಾನಿದ್ದ ಹಾಸ್ಟೆಲಿನಲ್ಲಿ ರ‍್ಯಾಗಿಂಗ್ ಇತ್ತು, ಮೊದಲ ತಿಂಗಳು ರಾತ್ರಿ ಬಾಗಿಲು ಬಡಿದರೆ ಎದೆ ಝಲ್ ಅನ್ನುತ್ತಿತ್ತು. ಸಿನಿಮಾ ಅದನ್ನು ಹಬ್ಬದ ಥರ ತೋರಿಸುತ್ತೆ. ಹುಡುಗರ ಕಡೆ ಹಲಗೆ ಹಿಡಿದು ಬಾರಿಸುವ, ಬೆನ್ ಆಫ್ಲೆಕ್ ಮಾಡಿದ ಒಬ್ಯಾನನ್ ತಲೆ ಮೇಲೆ ಪೇಂಟ್ ಬೀಳುತ್ತೆ, ಲೆಕ್ಕ ಚುಕ್ತಾ. ಹುಡುಗಿಯರನ್ನು ಗೋಳು ಹುಯ್ಯುವ ಸೀನಿಯರ್ ಡಾರ್ಲಾಗೆ ಹಾಗೇನೂ ಆಗಲ್ಲ. ಆ ಪಾತ್ರವನ್ನು ಪಾರ್ಕರ್ ಪೋಸಿ ಅದ್ಭುತವಾಗಿ ಮಾಡಿದ್ದಾರೆ, ಅದು ಬೇರೆ ಮಾತು. ಇನ್ನೊಬ್ಬ ನಟಿ ಮಿಲಾ ಯೋವೊವಿಚ್‌ಗಂತೂ ಆಡೋಕೆ ಡೈಲಾಗೇ ಇಲ್ಲ ಅನ್ನಬಹುದು.

ಆದರೆ ಹಳೇ ನೆನಪಿನ ಸಿನಿಮಾ ಅನ್ನೋದನ್ನು ನಾನು ಒಪ್ಪಲ್ಲ. ಸಿಂಥಿಯಾ ಅನ್ನೋ ಹುಡುಗಿ ಕಾರಲ್ಲಿ ಕೂತು ಹೇಳೋದನ್ನು ಕೇಳಿ: ಐವತ್ತರ ದಶಕ ಬೋರು, ಅರವತ್ತು ಜೋರಾಗಿತ್ತು, ಎಪ್ಪತ್ತು ದರಿದ್ರ, ಎಂಬತ್ತಾದರೂ ಚೆನ್ನಾಗಿರಬಹುದು. ಅವರಿಗೆ ತಾವಿರುವ ಕಾಲವೇ ಬೇಡ. ಲಿಂಕ್‌ಲೇಟರ್ ಹುಟ್ಟಿದ್ದು 1960ರಲ್ಲಿ, ಅಂದರೆ ಆ ಬೇಸಿಗೆಯಲ್ಲಿ ಅವರೂ ಹೈಸ್ಕೂಲ್ ವಯಸ್ಸಿನವರೇ. ಆ ಬೇಜಾರು ಅವರಿಗೆ ಗೊತ್ತಿತ್ತು.

ರಾತ್ರಿ_ಶೋ:
ಸಂಜೆ_ಮಳೆ, ಹುಡುಗಿಯರ ವಿಷಯದಲ್ಲಿ ನೀವು ಹೇಳಿದ್ದು ಸರಿ. ಡಾರ್ಲಾ ಲೆಕ್ಕ ಬಾಕಿ ಉಳಿದದ್ದು ನನಗೆ ಹೊಳೆದೇ ಇರಲಿಲ್ಲ.

ಕೊನೆಬೆಂಚು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕೊನೇ ಹದಿನೈದು ನಿಮಿಷ ಮತ್ತೆ ನೋಡಿದೆ. ಕುಡಿಯಲ್ಲ, ಡ್ರಗ್ಸ್ ಮುಟ್ಟಲ್ಲ ಅಂತ ಬರೆದುಕೊಡು ಅಂತ ಫುಟ್‌ಬಾಲ್ ಕೋಚ್ ಕೊಟ್ಟ ಕಾಗದವನ್ನು ಪಿಂಕ್ ಮುದುಡಿ ಎಸೆಯುತ್ತಾನೆ. ಆಡಬಹುದೇನೋ, ಸಹಿ ಮಾತ್ರ ಹಾಕಲ್ಲ ಅಂತಾನೆ. ಇಡೀ ಸಿನಿಮಾದಲ್ಲಿ ಅವನು ಮಾಡುವ ದೊಡ್ಡ ಕೆಲಸ ಅದೊಂದೇ, ನಿನ್ನೆ ಅದನ್ನು ಗಮನಿಸಿಯೇ ಇರಲಿಲ್ಲ. ಆಮೇಲೆ ಮಿಚ್ ಬೆಳಗಿನ ಜಾವ ಮನೆಗೆ ಬರುತ್ತಾನೆ, ಅಮ್ಮ ಎದ್ದು ಕೂತಿರುತ್ತಾರೆ. ಬೈಸಿಕೊಂಡು ರೂಮಿಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು ಮಲಗುತ್ತಾನೆ. ಅತ್ತ ಪಿಂಕ್ ಮತ್ತವರು ಏರೋಸ್ಮಿತ್ ರಾಕ್ ಬ್ಯಾಂಡಿನ ಶೋ ಟಿಕೆಟ್‌ಗೆ ಹೊರಟಿರುತ್ತಾರೆ, ಮಿಚ್ ಕಿವಿಯಲ್ಲಿದ್ದ ಹಾಡೇ ಅವರ ರಸ್ತೆಗೂ ಮುಂದುವರಿಯುತ್ತದೆ.